ಹಿತ್ತಾಳೆ ಮಾರ್ಟರ್ ಮಾದರಿ: ಬೋರ್ ಒಳಗೆ ಅಲೆ ಅಲೆ ಗೆರೆ, ಬಾಯಿ ಅಗಲ. ಸಹಾಯ ಬೇಕು

ಬೋಳೂರು_ಲೇತ್

ಎಲ್ಲರಿಗೂ ನಮಸ್ಕಾರ. ಮನೆ ಹತ್ತಿರವೇ ಮಂಗಳೂರಿನ ಸುಲ್ತಾನ್ ಬತ್ತೇರಿ (ಟಿಪ್ಪು ಕಾಲದ ಕಾವಲು ಬುರುಜು) ಇರುವುದರಿಂದ ಹಳೆಯ ಫಿರಂಗಿಗಳ ಮೇಲೆ ನನಗೆ ಮೊದಲಿಂದಲೂ ಆಸಕ್ತಿ. ಈಗ ಕೋಹಾರ್ನ್ ಮಾರ್ಟರ್‌ನ ಮಾದರಿ ಮಾಡ್ತಾ ಇದ್ದೇನೆ. ಡಚ್ ಎಂಜಿನಿಯರ್ ಮೆನ್ನೊ ವಾನ್ ಕೋಹಾರ್ನ್ 1674ರ ಸುಮಾರಿಗೆ ಮಾಡಿದ ಗಿಡ್ಡ ಫಿರಂಗಿ ಅದು. ನಾನು ಹಿಡಿದಿರುವುದು ಅಮೆರಿಕದ 1841ರ ಮಾಡೆಲ್. ಅದರ ಬೋರ್, ಅಂದರೆ ಒಳಗಿನ ತೂತಿನ ವ್ಯಾಸ, 5.82 ಇಂಚು. ಆರರಲ್ಲಿ ಒಂದು ಅಳತೆಗೆ ಇಳಿಸಿದರೆ 24.6 ಮಿ.ಮೀ. ಬರುತ್ತದೆ. ಶೋಕೇಸಿನಲ್ಲಿ ಇಡಲಿಕ್ಕೆ ಮಾತ್ರ. ಹಾಗಾಗಿ ಬೋರ್ 35 ಮಿ.ಮೀ. ಆಳ ಮಾತ್ರ, ಹಿಂದಿನ ಭಾಗ ಪೂರ್ತಿ ಗಟ್ಟಿ.

ಸಮಸ್ಯೆ ಎರಡು. ಬೋರ್ ಒಳಗೆ ಅಲೆ ಅಲೆಯಾಗಿ ಗೆರೆ ಬೀಳ್ತಾ ಇದೆ, ಕೊರೆಯುವಾಗ ಕಿರ್ರ್ ಅಂತ ಜೋರು ಶಬ್ದ. ಇನ್ನೊಂದು, ಬಾಯಿಯ ಹತ್ತಿರ ವ್ಯಾಸ ತಳಕ್ಕಿಂತ 0.15 ಮಿ.ಮೀ. ಜಾಸ್ತಿ. ಲೇತ್ (ಲೋಹವನ್ನು ತಿರುಗಿಸಿ ಕೊಯ್ಯುವ ಯಂತ್ರ) ಚಿಕ್ಕದು, ಮೇಜಿನ ಮೇಲೆ ಇಡುವಂಥದ್ದು. ಹಿತ್ತಾಳೆ ರಾಡ್ 45 ಮಿ.ಮೀ. ಎಲ್ಲಿ ತಪ್ಪುತ್ತಿದೆ?

ಹಳೇ_ಟರ್ನರ್

ಕೆಲಸ ಚಂದ ಉಂಟು ಮಾರಾಯ್ರೆ. ಆದರೆ ಇಷ್ಟು ಹೇಳಿದರೆ ಸಾಕಾಗುವುದಿಲ್ಲ. ಬೋರಿಂಗ್ ಬಾರ್ (ತೂತಿನೊಳಗೆ ಹೋಗಿ ಕೊಯ್ಯುವ ಟೂಲಿನ ಕೋಲು) ಎಷ್ಟು ದಪ್ಪ, ಹೋಲ್ಡರ್‌ನಿಂದ ಎಷ್ಟು ಹೊರಗೆ ಬಂದಿದೆ? ಆರ್‌ಪಿಎಂ ಎಷ್ಟು? ಅದರ ತುದಿಯ ಇನ್ಸರ್ಟ್, ಅಂದರೆ ಕೊಯ್ಯುವ ಬಿಲ್ಲೆ, ಯಾವುದು? ಮುಖ್ಯ ಪ್ರಶ್ನೆ: ಫೀಡ್ ಕೊಡುವುದು (ಟೂಲನ್ನು ಮುಂದೆ ಸರಿಸುವುದು) ಲೇತಿನ ಉದ್ದಕ್ಕೂ ಓಡುವ ಕ್ಯಾರೇಜಿನಿಂದಲಾ, ಅದರ ಮೇಲಿನ, ಕೋನಕ್ಕೆ ತಿರುಗಿಸಬಹುದಾದ ಕಾಂಪೌಂಡ್ ಸ್ಲೈಡ್‌ನಿಂದಲಾ?

ಬೋಳೂರು_ಲೇತ್

ಬಾರ್ 8 ಮಿ.ಮೀ., ಹೊರಗೆ 60. ಆರ್‌ಪಿಎಂ 1200. ಇನ್ಸರ್ಟ್ ಸಿಸಿಎಂಟಿ 060204. ಕ್ಯಾರೇಜ್ ಚಕ್ರ ಸ್ವಲ್ಪ ತಿರುಗಿಸಿದರೂ ಜಾಸ್ತಿ ಓಡುತ್ತದೆ ಅಂತ ಫೀಡ್ ಕಾಂಪೌಂಡ್‌ನಿಂದಲೇ ಕೊಡ್ತೇನೆ. ಅದನ್ನು ಸೊನ್ನೆ ಡಿಗ್ರಿಗೆ ಇಟ್ಟಿದ್ದೇನೆ.

ಹಳೇ_ಟರ್ನರ್

ಹಾಗಾದರೆ ಇವು ಎರಡು ಬೇರೆ ಬೇರೆ ಕಾಯಿಲೆ. ಒಂದೇ ಮದ್ದು ಹುಡುಕಬೇಡಿ.

ಮೊದಲು ಬಾಯಿ ಅಗಲ ಆಗುವ ವಿಷಯ. ವ್ಯಾಸದಲ್ಲಿ 0.15 ಅಂದರೆ ತ್ರಿಜ್ಯದಲ್ಲಿ 0.075. ಅದು 35 ಮಿ.ಮೀ. ಉದ್ದದಲ್ಲಿ ಬಂದಿದೆ. ಲೆಕ್ಕ ಹಾಕಿದರೆ ಕೋನ ಸುಮಾರು 0.12 ಡಿಗ್ರಿ. ಕಾಂಪೌಂಡ್‌ನ ಬುಡದಲ್ಲಿರುವ ಡಿಗ್ರಿ ಗೆರೆ ನೋಡಿ ಇಷ್ಟು ಚಿಕ್ಕ ಕೋನ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಆ ಗೆರೆಯ ದಪ್ಪವೇ ಅದಕ್ಕಿಂತ ಜಾಸ್ತಿ ಇರುತ್ತದೆ. ಕಣ್ಣಿಗೆ ಸೊನ್ನೆ ಕಂಡರೂ ಸ್ಲೈಡ್ ಸ್ವಲ್ಪ ಓರೆಯಾಗಿಯೇ ಓಡುತ್ತಿದೆ.

ಸುಮ್ನೆ ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಚಕ್‌ನಲ್ಲಿ ಒಂದು ನೇರವಾದ ಗ್ರೌಂಡ್ ರಾಡ್ ಹಿಡಿಯಿರಿ. ಟೂಲ್ ಪೋಸ್ಟಿಗೆ ಡಯಲ್ ಗೇಜ್ ಕಟ್ಟಿ ರಾಡ್‌ನ ಪಕ್ಕಕ್ಕೆ ಮುಟ್ಟಿಸಿ. ಕ್ಯಾರೇಜನ್ನು 50 ಮಿ.ಮೀ. ಓಡಿಸಿ, ಮುಳ್ಳು ಎಷ್ಟು ಸರಿಯಿತು ಬರೆದಿಡಿ. ಮೊದಲಿನ ಜಾಗಕ್ಕೆ ವಾಪಸ್ ಬಂದು, ಈಗ ಕಾಂಪೌಂಡನ್ನು 50 ಮಿ.ಮೀ. ಓಡಿಸಿ. ಎರಡರ ವ್ಯತ್ಯಾಸವೇ ಕಾಂಪೌಂಡ್‌ನ ಓರೆ. ರಾಡ್ ಸ್ವಲ್ಪ ಸೊಟ್ಟ ಇದ್ದರೂ ಎರಡು ಓಟಕ್ಕೂ ಅದೇ ರಾಡ್, ಹಾಗಾಗಿ ಅದು ಲೆಕ್ಕದಿಂದ ಹೋಗುತ್ತದೆ. ಮುಳ್ಳು 0.1ರ ಹತ್ತಿರ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ.

ಪರಿಹಾರ ಸುಲಭ. ಬೋರ್ ಮಾಡುವಾಗ ಕಾಂಪೌಂಡ್ ಮುಟ್ಟಲೇಬೇಡಿ, ಅದರ ಜಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿ ಲಾಕ್ ಮಾಡಿ. ಲೀಡ್ ಸ್ಕ್ರೂನಿಂದ (ಕ್ಯಾರೇಜ್ ಓಡಿಸುವ ಉದ್ದ ಸ್ಕ್ರೂ) ಕ್ಯಾರೇಜಿಗೆ ಆಟೋ ಫೀಡ್ ಕೊಡಿ. ಬೆಡ್ಡಿನ ಮೇಲೆ ಒಂದು ಸ್ಟಾಪರ್ ಕಟ್ಟಿ, ಅದಕ್ಕಿಂತ ಸ್ವಲ್ಪ ಮೊದಲೇ ಆಟೋ ಬಿಡಿಸಿ, ಉಳಿದದ್ದನ್ನು ಕೈಯಲ್ಲಿ ಮುಟ್ಟಿಸಿ.

ಇನ್ನು ಗೆರೆ. ಅದು ಚಾಟರ್, ಅಂದರೆ ಕೊಯ್ಯುವಾಗ ಟೂಲ್ ನಡುಗುವುದು. 8 ಮಿ.ಮೀ. ಬಾರ್ 60 ಹೊರಗೆ ಅಂದರೆ ದಪ್ಪದ ಏಳೂವರೆ ಪಟ್ಟು. ಸ್ಟೀಲ್ ಬಾರಿಗೆ ನಾಲ್ಕು ಪಟ್ಟು ದಾಟಬಾರದು. ಬಾರಿನ ಗಟ್ಟಿತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ, ಉದ್ದದ ಮೂರನೇ ಘಾತದಲ್ಲಿ ಇಳಿಯುತ್ತದೆ. 12 ಮಿ.ಮೀ. ಬಾರ್ ತೆಗೆದುಕೊಂಡು 45 ಮಾತ್ರ ಹೊರಗೆ ಬಿಡಿ. ದಪ್ಪದಿಂದ ಐದು ಪಟ್ಟು, ಉದ್ದ ಇಳಿಸಿದ್ದರಿಂದ ಇನ್ನೂ ಎರಡೂ ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಒಟ್ಟು ಹೆಚ್ಚುಕಡಿಮೆ 12 ಪಟ್ಟು ಗಟ್ಟಿ! ಲೇತ್ ಅದೇ, ಕೈ ಅದೇ. ನನ್ನ ಅನುಭವದಲ್ಲಿ ಚಾಟರ್ ದೂರುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಮುಗಿಯುತ್ತವೆ.

ಆರ್‌ಪಿಎಂ 350-400ಕ್ಕೆ ಇಳಿಸಿ. ಹಿತ್ತಾಳೆ ಜಾಸ್ತಿ ವೇಗ ತಡೆಯುತ್ತದೆ ನಿಜ, ಆದರೆ ಇಲ್ಲಿ ನಡುಗುವುದು ಹಿತ್ತಾಳೆ ಅಲ್ಲ, ಬಾರ್. ಫೀಡ್ ತುಂಬಾ ಕಡಿಮೆ ಮಾಡಬೇಡಿ. ಟೂಲ್ ಕೊಯ್ಯದೆ ಉಜ್ಜಲು ಶುರು ಮಾಡಿದರೆ ಶಬ್ದ ಇನ್ನೂ ಜೋರಾಗುತ್ತದೆ. ಇನ್ಸರ್ಟ್ ಬದಲಿಸಿ, ಅಲ್ಯೂಮಿನಿಯಂಗೆ ಬರುವ ಸಿಸಿಜಿಟಿ 060202 ಹಾಕಿ. ಅಂಚು ಹರಿತ, ಮೂಗಿನ ರೇಡಿಯಸ್ 0.4 ಬದಲು 0.2. ರೇಡಿಯಸ್ ಕಡಿಮೆಯಾದಷ್ಟೂ ಬಾರನ್ನು ಪಕ್ಕಕ್ಕೆ ತಳ್ಳುವ ಒತ್ತಡ ಕಡಿಮೆ. ಟೂಲ್ ತುದಿ ಸೆಂಟರ್‌ಗಿಂತ ಕೂದಲೆಳೆಯಷ್ಟು ಮೇಲಿರಲಿ. ಬಾರ್ ಬಗ್ಗಿದರೂ ಆಗ ಲೋಹಕ್ಕೆ ಆಳವಾಗಿ ಕಚ್ಚುವುದಿಲ್ಲ.

ಕಾಪು_ಕಡಲು

ನಡುವೆ ಬಂದದ್ದಕ್ಕೆ ಬೇಜಾರು ಮಾಡಬೇಡಿ. ಇಷ್ಟೆಲ್ಲ ಮಾಡಿದ ಮೇಲೆ ಹಿಂದೆ ಒಂದು ಸಣ್ಣ ತೂತು ಕೊರೆದು ಸ್ವಲ್ಪ ಮದ್ದು ಹಾಕಿ ಒಮ್ಮೆ ಢಂ ಅನ್ನಿಸಬಹುದಲ್ವಾ? ಜಾತ್ರೆಯಲ್ಲಿ ಗರ್ನಾಲು ಬಿಡುತ್ತಾರಲ್ಲ, ಹಾಗೆ.

ಮಣಿಪಾಲ_ಫಿಟ್ಟರ್

ಬೇಡ. ದಯವಿಟ್ಟು ಬೇಡ.

ಮೊದಲನೆಯದು ಲೋಹ. ಇಂಥ ಕೆಲಸಕ್ಕೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಐಎಸ್ 319 ಫ್ರೀ ಕಟಿಂಗ್ ಹಿತ್ತಾಳೆ. ಚಿಪ್ಸ್ ಚೂರು ಚೂರಾಗಿ ಬೀಳಲಿ ಅಂತ ಅದಕ್ಕೆ ಶೇ. 2-3ರಷ್ಟು ಸೀಸ ಸೇರಿಸಿರುತ್ತಾರೆ. ಲೇತಿಗೆ ಅದು ವರ. ಏಟು ತಡೆಯಲಿಕ್ಕೆ ಅದು ಆಗುವುದಿಲ್ಲ, ಬಿರುಕು ಬಿಟ್ಟು ಸಿಡಿಯುತ್ತದೆ. ರಾಡ್ ಒಳಗೆ ಕಣ್ಣಿಗೆ ಕಾಣದ ದೋಷ ಇದ್ದರೆ ನಮಗೆ ಗೊತ್ತಾಗುವುದೂ ಇಲ್ಲ. ಚೂರು ಹಾರುವುದು ಪಕ್ಕದಲ್ಲಿ ನಿಂತವರ ಮುಖಕ್ಕೆ.

ಎರಡನೆಯದು ಕಾನೂನು. ಪರವಾನಗಿ ಇಲ್ಲದೆ ಮದ್ದಿನಿಂದ ಹಾರಿಸುವ ಆಯುಧ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಕರಿಮದ್ದು ಮಾಡುವುದಕ್ಕೂ ಇಟ್ಟುಕೊಳ್ಳುವುದಕ್ಕೂ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳು ಅನ್ವಯಿಸುತ್ತವೆ. ಜಾತ್ರೆಯಲ್ಲಿ ಬೆಡಿ (ಸಿಡಿಮದ್ದು) ಬಿಡುವುದಕ್ಕೂ ಅನುಮತಿ ಬೇಕು, ಅದನ್ನು ಬಿಡುವವರು ಅದೇ ಕಸುಬಿನವರು. ಅವರಿಗೂ ಗಾಯ ಆದದ್ದು ಪೇಪರಿನಲ್ಲಿ ಓದುತ್ತೇವೆ.

ಬೋಳೂರಿನವರು ಹಿಂದಿನ ಭಾಗ ಗಟ್ಟಿಯಾಗಿ ಬಿಟ್ಟದ್ದು ಸರಿಯಾದ ನಿರ್ಧಾರ. ಕಿವಿಯ ತೂತು (ಮದ್ದಿಗೆ ಬೆಂಕಿ ಮುಟ್ಟಿಸುವ ತೂತು) ಬೇಕು ಅನ್ನಿಸಿದರೆ ಸೆಂಟರ್ ಡ್ರಿಲ್ಲಿನಿಂದ ಮೇಲೆ ಒಂದು ಗುಳಿ ಮಾಡಿ ಕಪ್ಪು ಬಣ್ಣ ಮುಟ್ಟಿಸಿ, ಸಾಕು. ಅಸಲಿ ಮಾರ್ಟರಿನಲ್ಲಿ ಬೋರಿನ ತಳದಲ್ಲಿ ಮದ್ದಿನ ಚಿಕ್ಕ ಕೋಣೆ ಇರುತ್ತದೆ. ಅದನ್ನೂ ಕೊರೆಯಬೇಡಿ. ತಳದ ನಡುವೆ ಮ್ಯಾಟ್ ಕಪ್ಪಿನ ಒಂದು ವೃತ್ತ ಬಳಿದರೆ ನೋಡುವವರಿಗೆ ಕೋಣೆ ಇದ್ದ ಹಾಗೆಯೇ ಕಾಣುತ್ತದೆ.

ಕಾಪು_ಕಡಲು

ಸರಿ ಅಣ್ಣ, ಅರ್ಥ ಆಯಿತು. ಲೋಹದ ವಿಷಯ ಗೊತ್ತಿರಲಿಲ್ಲ.

ಬೋಳೂರು_ಲೇತ್

ಟರ್ನರ್ ಅಣ್ಣ, ಡಯಲ್ ಗೇಜ್ ಇಟ್ಟು ನೋಡಿದೆ. ಕ್ಯಾರೇಜ್ ಓಟದಲ್ಲಿ ಮುಳ್ಳು ಬಹುತೇಕ ಅಲ್ಲಾಡಲಿಲ್ಲ, ಕಾಂಪೌಂಡ್ ಓಟದಲ್ಲಿ 0.1 ತೋರಿಸಿತು. ನೀವು ಹೇಳಿದ ಹಾಗೇ! 12ರ ಬಾರ್ ಮತ್ತು ಇನ್ಸರ್ಟ್ ತರಿಸುತ್ತಿದ್ದೇನೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ. ಎರಡು ಬದಿಗೆ ಚಾಚಿ ಮಾರ್ಟರನ್ನು ಹೊರುವ ಗೂಟಗಳಾದ ಟ್ರನಿಯನ್‌ಗೆ ಅಡ್ಡ ತೂತು ಹಾಕಬೇಕು. ಹೊರಮೈ ತಿರುವಿ ಆಕಾರ ಕೊಟ್ಟ ಮೇಲೆ ಹಾಕುವುದಾ?

ಮಣಿಪಾಲ_ಫಿಟ್ಟರ್

ಆಕಾರ ಕೊಡುವ ಮೊದಲೇ ಹಾಕಿ. ರಾಡ್ ಇನ್ನೂ ಉರುಟಾಗಿ, ನೇರವಾಗಿ ಇರುವಾಗ ವಿ ಆಕಾರದ ಹಳ್ಳವಿರುವ ವಿ ಬ್ಲಾಕಿನಲ್ಲಿ ಕೂರಿಸುವುದು ಸುಲಭ. ಆಕಾರ ಬಂದ ಮೇಲೆ ಹಿಡಿಯಲಿಕ್ಕೆ ಜಾಗವೇ ಉಳಿಯುವುದಿಲ್ಲ. ನಡು ಹಿಡಿಯಲು ಒಂದು ಉಪಾಯ: ಡ್ರಿಲ್ಲಿಂಗ್ ಮೆಷಿನ್ನಿಗೆ ಮೊನೆಯಿರುವ ಸೆಂಟರ್ ಹಾಕಿ, ರಾಡ್ ಮತ್ತು ಮೊನೆಯ ನಡುವೆ ತೆಳು ಸ್ಟೀಲ್ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತಿ. ಸ್ಕೇಲ್ ಒಂದು ಬದಿಗೆ ವಾಲಿದರೆ ನಡು ಸಿಕ್ಕಿಲ್ಲ. ಮಟ್ಟಸ ನಿಂತರೆ ಸಿಕ್ಕಿದೆ.

ಹಿತ್ತಾಳೆಯಲ್ಲಿ ಡ್ರಿಲ್ ಬಿಟ್ ಒಮ್ಮೆಲೇ ಒಳಗೆ ಎಳೆದುಕೊಳ್ಳುತ್ತದೆ, ಎಚ್ಚರ. ಎಣ್ಣೆ ಕಲ್ಲಿನಲ್ಲಿ ಬಿಟ್‌ನ ಕೊಯ್ಯುವ ಅಂಚನ್ನು ಒಂದಿಷ್ಟೇ ಚಪ್ಪಟೆ ಮಾಡಿದರೆ ಎಳೆಯುವುದು ನಿಲ್ಲುತ್ತದೆ. ಕೆಲಸವನ್ನು ಕ್ಲ್ಯಾಂಪ್ ಹಾಕಿಯೇ ಹಿಡಿಯಿರಿ, ಕೈಯಲ್ಲಿ ಬೇಡ. ಟ್ರನಿಯನ್ ರಾಡನ್ನು ರಿಟೇನಿಂಗ್ ಕಾಂಪೌಂಡ್ (ಲೋಹ ಹಿಡಿಸುವ ಅಂಟು) ಹಾಕಿ ಕೂರಿಸಿ. ಮಾರ್ಟರ್ ಕೂರಿಸುವ ಕಟ್ಟೆಗೆ ಹಲಸಿನ ಮರ ಚಂದ ಒಪ್ಪುತ್ತದೆ, ಆ ಹಳದಿಗೂ ಹಿತ್ತಾಳೆಗೂ ಒಳ್ಳೆ ಜೋಡಿ.

ಬೋಳೂರು_ಲೇತ್

ಹೊಸ ಬಾರ್ ಬಂತು, ಬೋರ್ ಆಯಿತು. ಶಬ್ದವೇ ಇಲ್ಲ. ಗೋಡೆ ಕನ್ನಡಿಯ ಹಾಗೆ. ಟೇಪರ್ (ಬಾಯಿಗೂ ತಳಕ್ಕೂ ವ್ಯಾಸದ ವ್ಯತ್ಯಾಸ) ಈಗ 0.02 ಮಾತ್ರ. ತುಂಬಾ ಥ್ಯಾಂಕ್ಸ್ ಅಣ್ಣ. ಒಂದೇ ಉಳಿದದ್ದು: ತಳದ ಕೊನೆಯ ಎರಡು ಮಿ.ಮೀ.ನಲ್ಲಿ ಗೀರು ಬೀಳ್ತಾ ಇದೆ.

ಹಳೇ_ಟರ್ನರ್

0.02 ಬಿಟ್ಟುಬಿಡಿ, ಶೋಕೇಸಿನ ಕೆಲಸಕ್ಕೆ ಅದರ ಹಿಂದೆ ಬೀಳಬೇಕಾಗಿಲ್ಲ.

ಗೀರಿಗೆ ಕಾರಣ ಚಿಪ್ಸ್. ಬೋರ್ ಆಚೆ ತೂರಿ ಹೋಗುವುದಿಲ್ಲ ಅಲ್ವಾ, ಪುಡಿ ಪುಡಿ ಹಿತ್ತಾಳೆ ತಳದಲ್ಲೇ ಕೂತು ಟೂಲ್ ಜೊತೆ ಗೋಡೆಗೆ ಉಜ್ಜುತ್ತದೆ. ಕೊನೆಯ ಕಟ್ಟಿಗೆ ಮೊದಲು ಲೇತ್ ನಿಲ್ಲಿಸಿ, ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ. ಗಾಳಿ ಊದಬೇಡಿ, ಕಣ್ಣಿಗೂ ಸ್ಲೈಡಿನೊಳಕ್ಕೂ ಹೋಗುತ್ತದೆ. ಕನ್ನಡಕ ಅಂತೂ ಬೇಕೇ ಬೇಕು. ತಳದ ಮೂಲೆಯಲ್ಲಿ ಅರ್ಧ ಮಿ.ಮೀ. ಅಗಲದ ಸಣ್ಣ ತೋಡು (ಗ್ರೂವ್) ಕೊಟ್ಟರೆ ಟೂಲ್ ಅಲ್ಲಿ ಆರಾಮವಾಗಿ ಕಟ್ ಬಿಟ್ಟು ಹೊರಬರುತ್ತದೆ. ಸ್ಟಾಪರ್ ಅಷ್ಟಕ್ಕೇ ಹೊಂದಿಸಿ.

ಪಾಲಿಶ್ ಆದ ಮೇಲೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅದೇ ದಿನ ಲ್ಯಾಕರ್ ಹೊಡೆಯಿರಿ. ನಮ್ಮ ಕಡಲ ಗಾಳಿಗೆ ಮಳೆಗಾಲದಲ್ಲಿ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಈಗಾಗಲೇ ಕಲೆ ಬಿದ್ದಿದ್ದರೆ ದೀಪ ತಿಕ್ಕುವ ಹುಣಸೆಹುಳಿಯೇ ಸಾಕು. ಲೇತಿನ ಬೆಡ್ಡಿಗೂ ಎಣ್ಣೆ ಸವರಿ ಮುಚ್ಚಿಡಿ. ಕಟ್ಟೆಯ ಮೇಲೆ ಕೂರಿಸಿದ ಮೇಲೆ ಫೋಟೋ ಹಾಕಿ, ಟ್ರನಿಯನ್ ಕೂತದ್ದು ನೋಡಬೇಕು.