ಹೊಸ ಕನ್ನಡಕ ಹೊಂದುತ್ತಿಲ್ಲವೇ? ನಮ್ಮ ಗುಂಪಿನಲ್ಲಿ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷಿಸಿ ಕನ್ನಡಕದ ಪವರ್ ಹೇಳುವ) ಮೇಡಂ ಉತ್ತರಿಸುತ್ತಾರೆ

ಪ್ರಶ್ನೆ: ಮೇಡಂ, ಮೊದಲ ಸಲ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮ ಇಲ್ಲದಿದ್ದಾಗ ಕೊಡೋದು) ಬಂದಿದೆ. ನೆಲ ವಾಲಿದ ಹಾಗೆ ಕಾಣುತ್ತೆ, ಮೆಟ್ಟಿಲು ಇಳಿಯೋಕೆ ಭಯ.

ಮೇಡಂ: ಸಿಲಿಂಡರ್ ಗಾಜು ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗಿಸಿ ತೋರಿಸಲ್ಲ, ಅದಕ್ಕೇ ವಾಲುತ್ತೆ. ಬೆಳಗ್ಗೆ ಎದ್ದ ಕೂಡಲೇ ಹಾಕಿ, ದಿನವಿಡೀ ಇರಲಿ. ಎರಡು ವಾರವಾದರೂ ಹೋಗದಿದ್ದರೆ, ಆಕ್ಸಿಸ್ (ಸಿಲಿಂಡರ್ ಕೂರಬೇಕಾದ ಕೋನ) ಚೀಟಿಯಲ್ಲಿದ್ದಂತೆಯೇ ಕೂತಿದೆಯಾ ಅಂತ ಗಾಜಿನ ಪವರ್ ಅಳೆಯುವ ಲೆನ್ಸೋಮೀಟರ್‌ನಲ್ಲಿ ನೋಡಿಸಿ.

ಪ್ರಶ್ನೆ: ತಂದೆಯವರಿಗೆ 64. ಬಲಗಣ್ಣು ಮೈನಸ್ 1. ಎಡಗಣ್ಣು ಒಂದೇ ವರ್ಷದಲ್ಲಿ ಮೈನಸ್ 1.5ರಿಂದ 4.5ಕ್ಕೆ ಹೋಗಿದೆ. ಪ್ರೋಗ್ರೆಸಿವ್‌ನಲ್ಲಿ (ಮೇಲೆ ದೂರಕ್ಕೆ, ಕೆಳಗೆ ಓದೋಕೆ ಪವರ್ ಇರುವ ಒಂದೇ ಗಾಜು) ಓದುವಾಗ ಒಂದೇ ಸಾಲು ಮೇಲೊಂದು ಕೆಳಗೊಂದು ಕಾಣುತ್ತಂತೆ.

ಮೇಡಂ: ಇದನ್ನು "ಅಭ್ಯಾಸ ಆಗುತ್ತೆ" ಅಂತ ಬಿಡಬೇಡಿ. ಎರಡು ಕಣ್ಣಿಗೆ 3.5 ಪವರ್ ವ್ಯತ್ಯಾಸ. ಗಾಜಿನ ನಡುವಿನಿಂದ 10 ಮಿ.ಮೀ. ಕೆಳಗೆ ನೋಡಿ ಓದಿದರೆ 1 ಸೆಂ.ಮೀ. × 3.5, ಅಂದರೆ 3.5 ಪ್ರಿಸಂ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) ವ್ಯತ್ಯಾಸ. ಮೇಲೆ-ಕೆಳಗೆ ಅಷ್ಟನ್ನು ಕೂಡಿಸಿಕೊಳ್ಳೋದು ಕಣ್ಣಿಗೆ ಬಹಳ ಕಷ್ಟ. ಓದೋಕೆ ಬೇರೆಯೇ ಕನ್ನಡಕ ಮಾಡಿಸಿ, ಗಲ್ಲ ತಗ್ಗಿಸಿ ಗಾಜಿನ ನಡುವಿನಿಂದ ಓದಿದರೆ ಇದು ತಪ್ಪುತ್ತೆ. ಆದರೆ ಅದಕ್ಕಿಂತ ದೊಡ್ಡ ಚಿಂತೆ, ಒಂದೇ ಕಣ್ಣು ವರ್ಷದಲ್ಲಿ ಮೈನಸ್ 3 ಏರಿದ್ದು. ಈ ವಯಸ್ಸಿನಲ್ಲಿ ಪೊರೆ ಗಟ್ಟಿಯಾಗುತ್ತಾ ಹೋದರೆ ಹೀಗಾಗುತ್ತೆ. ಸಕ್ಕರೆ ಏರಿಳಿದರೂ ಪವರ್ ಬದಲಾಗುತ್ತೆ, ಆದರೆ ಸಾಮಾನ್ಯವಾಗಿ ಎರಡೂ ಕಣ್ಣಲ್ಲಿ. ಒಂದೊಂದೇ ಕಣ್ಣು ಮುಚ್ಚಿ ಓದಿಸಿ, ಏನು ಕಾಣುತ್ತೆ ಅಂತ ಬರೆಯಿರಿ.

ಪ್ರಶ್ನೆ: ನನಗೂ ನೆಲ ವಾಲುತ್ತೆ, ಏನು ಮಾಡಲಿ?

ಮೇಡಂ: ಮೊದಲನೇ ಉತ್ತರ ಓದಿ.

ಸದಸ್ಯ: ಈರುಳ್ಳಿ ರಸ, ಜೇನು ಸೇರಿಸಿ ಕಣ್ಣಿಗೆ ಎರಡು ಹನಿ, 40 ದಿನದಲ್ಲಿ ಕನ್ನಡಕವೇ ಬೇಡ. ಫಾರ್ವರ್ಡ್ ಬಂದದ್ದು.

ಮೇಡಂ: ದಯವಿಟ್ಟು ಅಳಿಸಿ. ಕಣ್ಣಿನ ಉದ್ದ, ಕರಿಗುಡ್ಡೆಯ ಬಾಗು ಯಾವ ಹನಿಯಿಂದಲೂ ಬದಲಾಗಲ್ಲ. ಸೋಂಕಾಗಿ ಹುಣ್ಣಾದರೆ ಕಲೆ ಉಳಿಯುತ್ತೆ, ದೃಷ್ಟಿಯೇ ಹೋಗಬಹುದು.

ಸದಸ್ಯ: ಹಿಂದಿನವರು ಕನ್ನಡಕ ಹಾಕ್ತಿದ್ರಾ?

ಸದಸ್ಯೆ: ಕಾಣದೆ ಎಷ್ಟು ಜನ ಕಷ್ಟಪಟ್ಟರು ಅನ್ನೋದನ್ನೂ ಕೇಳಿ. ಹೊಸಬರಿಗೆ ನನ್ನ ಸಲಹೆ: ಹಳೇದು ಹೊಸದು ಅರ್ಧರ್ಧ ದಿನ ಹಾಕಿ.

ಸದಸ್ಯ: ನೀವೂ ತಪ್ಪೇ ಹೇಳ್ತಿದ್ದೀರಿ, ಮೇಡಂ ದಿನವಿಡೀ ಅಂದ್ರು.

ಸದಸ್ಯೆ: ಈರುಳ್ಳಿ ಫಾರ್ವರ್ಡ್ ಹಾಕಿದವರು ಪಾಠ ಹೇಳಬೇಡಿ.

ಮೇಡಂ: ಹಳೇದಕ್ಕೆ ಮರಳಿದಷ್ಟೂ ಒಗ್ಗೋದು ತಡ. ಜಗಳ ಬೇರೆ ಕಡೆ ಮಾಡಿ, ನನಗೆ ಆ ತಂದೆಯವರ ಉತ್ತರ ಬೇಕು.

ಪ್ರಶ್ನೆ: ಮೇಡಂ, ತಂದೆಯವರಿಗೆ ಯಾವ ಕಣ್ಣು ಮುಚ್ಚಿದರೂ ಸಾಲು ಒಂದೇ. ಆದರೆ ಎಡಗಣ್ಣೊಂದರಲ್ಲೇ ಓದಿದರೆ ಅಕ್ಷರಕ್ಕೆ ನೆರಳು ಅಂಟಿದ ಹಾಗಿದೆಯಂತೆ.

ಮೇಡಂ: ಸಾಲು ಎರಡಾಗೋದು ಗಾಜಿನ ವ್ಯತ್ಯಾಸದಿಂದ ಇರಬಹುದು. ನೆರಳು ಆ ಕಣ್ಣಿನೊಳಗಿನದು, ಪೊರೆಯ ಅನುಮಾನ ಹೆಚ್ಚಾಯಿತು. ಡಾಕ್ಟರ್ ನೋಡುವವರೆಗೆ ಗಾಜು ಬದಲಿಸಬೇಡಿ, ಓದೋ ಕನ್ನಡಕವೂ ಆಮೇಲೆ. ಈ ವಾರವೇ ಕಣ್ಣಿನ ಡಾಕ್ಟರ್ ಹತ್ತಿರ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿಸಿ. ಹೋಗುವಾಗ ಹಳೇ ಚೀಟಿಯೂ ಇರಲಿ.