ಟ್ರೈಮೆಟಾಜಿಡಿನ್ ಶುರು ಮಾಡುವ ಮುಂಚೆ ಏನೇನು ಕೇಳಬೇಕು? ಅನುಭವ ಇದ್ದವರು ಹೇಳಿ

ಅಪ್ಪನಿಗೆ ಬಹಳ ಕಾಲದಿಂದ ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು). ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯ ಡೋಸ್ ಏರಿಸಿದರೆ ನಾಡಿ ತೀರಾ ಇಳಿಯುತ್ತದೆ. ಅದಕ್ಕೇ ಡಾಕ್ಟರು ಟ್ರೈಮೆಟಾಜಿಡಿನ್ 35 ಮಿ.ಗ್ರಾಂ. ದಿನಕ್ಕೆರಡು ಸಲ ಬರೆದಿದ್ದಾರೆ. ರಕ್ತ ಕಡಿಮೆ ಹರಿದರೂ ಹೃದಯದ ಜೀವಕೋಶಗಳನ್ನು ಕಾಯುತ್ತದಂತೆ. ಸ್ಟ್ರೋಕ್ ಆದ ಚಿಕ್ಕಪ್ಪನಿಗೆ ಸಿಟಿಕೋಲಿನ್ ನಡೆಯುತ್ತಿದೆ, ಅದೂ ಇದೇ ಥರದ್ದಾ?

ಉತ್ತರ: ನಮ್ಮ ಅಮ್ಮನಿಗೆ ಕೊಟ್ಟಿದ್ದೆವು. ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಎದೆ ಬಿಗಿತ ನಿಜಕ್ಕೂ ಕಡಿಮೆಯಾಯಿತು, ಬಿಪಿಯಾಗಲಿ ನಾಡಿಯಾಗಲಿ ಇಳಿಯಲಿಲ್ಲ. ಆದರೆ ಕೆಲವು ತಿಂಗಳಾದ ಮೇಲೆ ಬಲಗೈ ನಡುಗತೊಡಗಿತು. ಹೆಜ್ಜೆ ಗಿಡ್ಡವಾಯಿತು, ಬರೆಯುವ ಅಕ್ಷರ ಸಣ್ಣದಾಗುತ್ತ ಹೋಯಿತು. ನರರೋಗ ತಜ್ಞರು ಮಾತ್ರೆಗಳ ಪಟ್ಟಿ ನೋಡಿ ಮೊದಲು ಇದನ್ನೇ ನಿಲ್ಲಿಸಿದರು. ನಿಧಾನವಾಗಿ ಸರಿಹೋಯಿತು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿದೆ: ಪಾರ್ಕಿನ್ಸನ್, ಕೈನಡುಕ, ಕಾಲು ಚಡಪಡಿಕೆ ಇರುವವರಿಗೆ ಇದು ಕೂಡದು. ತಲೆಸುತ್ತು, ಕಿವಿಮೊರೆತಕ್ಕೆ ಕೊಡುವುದನ್ನೂ ಆಗಲೇ ಕೈಬಿಡಿಸಿತು. ತಂದೆಯವರ ನಡಿಗೆಯ ವಿಡಿಯೋ, ಕೈಬರಹದ ನಾಲ್ಕು ಸಾಲು ಈಗಲೇ ತೆಗೆದಿಡಿ. ಮುಂದೆ ಅನುಮಾನ ಬಂದರೆ ಹೋಲಿಸಿ ನೋಡಬಹುದು.

ಉತ್ತರ: ನಾನು ಫಾರ್ಮಸಿಸ್ಟ್. ದಯವಿಟ್ಟು ಕಿಡ್ನಿ ಪರೀಕ್ಷೆ ಮಾಡಿಸಿ. ಈ ಔಷಧ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗಬೇಕು. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬ ಅಳತೆ) ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇದ್ದರೆ ಕೊಡುವಂತೆಯೇ ಇಲ್ಲ, 30ರಿಂದ 60ರ ಒಳಗಿದ್ದರೆ ಬೆಳಿಗ್ಗೆ ಒಂದೇ ಮಾತ್ರೆ. ವಯಸ್ಸಾದವರಲ್ಲಿ ಇದನ್ನು ನೋಡದೆ ಎರಡು ಹೊತ್ತು ನುಂಗಿಸುವುದು ಕಂಡಾಗ ನನಗೆ ಸಂಕಟವಾಗುತ್ತದೆ.

ಕೆಲಸ ಮಾಡುವ ಬಗೆ ಹೀಗೆ: ಹೃದಯ ಶಕ್ತಿಗಾಗಿ ಹೆಚ್ಚಾಗಿ ಕೊಬ್ಬನ್ನೇ ಬಳಸುತ್ತದೆ, ಅಷ್ಟೇ ಶಕ್ತಿಗೆ ಕೊಬ್ಬು ಗ್ಲೂಕೋಸ್‌ಗಿಂತ ಹೆಚ್ಚು ಆಮ್ಲಜನಕ ಬೇಡುತ್ತದೆ. ಈ ಮಾತ್ರೆ ಕೊಬ್ಬಿನ ದಾರಿಯನ್ನು ಸ್ವಲ್ಪ ತಡೆದು ಗ್ಲೂಕೋಸ್ ಕಡೆ ತಿರುಗಿಸುತ್ತದೆ. ಕಟ್ಟಿದ ರಕ್ತನಾಳವನ್ನು ತೆರೆಯುವುದಿಲ್ಲ. ಆಂಜಿಯೋಪ್ಲಾಸ್ಟಿ ಆದ ಸುಮಾರು 6,000 ಜನರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಎಟಿಪಿಸಿಐ ಅಧ್ಯಯನದಲ್ಲಿ ಸಾವನ್ನಾಗಲಿ ಹೃದಯದ ತೊಂದರೆಗಳನ್ನಾಗಲಿ ಇದು ಕಡಿಮೆ ಮಾಡಲಿಲ್ಲ. ಹಾಗಾಗಿ ‘ಕಾಯುತ್ತದೆ’ ಎಂದು ನಂಬಿ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬಿಡಬೇಡಿ. ವಿಶ್ರಾಂತಿಯಲ್ಲೂ ನೋವು ನಿಲ್ಲದಿದ್ದರೆ ಮಾತ್ರೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ.

ಉತ್ತರ: ನನಗೆ ಇದರ ಬದಲು ನಿಕೊರಾಂಡಿಲ್ ಕೊಟ್ಟರು. ಮೊದಮೊದಲು ತಲೆನೋವು, ಆಮೇಲೆ ಮಾಯದ ಬಾಯಿಹುಣ್ಣು. ಹುಣ್ಣು ಕಂಡರೆ ಡಾಕ್ಟರಿಗೆ ಹೇಳಿ. ಸಿಲ್ಡೆನಾಫಿಲ್ (ವಯಾಗ್ರ) ಜೊತೆ ಮಾತ್ರ ಎಂದಿಗೂ ಬೇಡ, ಬಿಪಿ ಕುಸಿಯುತ್ತದೆ.

ಉತ್ತರ: ಚಿಕ್ಕಪ್ಪನವರ ವಿಷಯ. ನಮ್ಮ ಯಜಮಾನರಿಗೂ ಸಿಟಿಕೋಲಿನ್ ಬರೆದಿದ್ದರು, ತೊಂದರೆಯೇನೂ ಆಗಲಿಲ್ಲ. ಆದರೆ 2012ರ ಇಕ್ಟಸ್ ಅಧ್ಯಯನದಲ್ಲಿ ಸುಮಾರು 2,300 ರೋಗಿಗಳನ್ನು ನೋಡಿದಾಗ ಹೋಲಿಕೆಗೆಂದು ಕೊಟ್ಟ, ಔಷಧವೇ ಇಲ್ಲದ ಖಾಲಿ ಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಮಿದುಳಿನ ಕೋಶ ಉಳಿಸುವ ಔಷಧಗಳ ಕಥೆಯೇ ಹೀಗೆ. ಪ್ರಾಣಿಗಳಲ್ಲಿ ಗೆದ್ದ ಎನ್‌ಎಕ್ಸ್‌ವೈ-059 ಎಂಬ ಔಷಧ ಕೂಡ 2007ರ ದೊಡ್ಡ ಪರೀಕ್ಷೆಯಲ್ಲಿ ಮನುಷ್ಯರ ಮೇಲೆ ಸೋತಿತು. ಮಿದುಳ ಪೊರೆಯ ಕೆಳಗೆ ರಕ್ತಸ್ರಾವವಾದವರಿಗೆ ಕೊಡುವ ನಿಮೋಡಿಪಿನ್ ಬೇರೆ ಮಾತು, ಅದರಿಂದ ಪ್ರಯೋಜನವಿದೆ. ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ನಲ್ಲಿ ಮಿದುಳು ಉಳಿಸುವುದು ಹೆಪ್ಪನ್ನು ಬೇಗ ಕರಗಿಸುವುದು ಅಥವಾ ತೆಗೆಯುವುದು. ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ಈಗ ಚಿಕ್ಕಪ್ಪನವರಿಗೆ ಬೇಕಾದದ್ದು ಬಿಪಿ ಹತೋಟಿ, ಮತ್ತೆ ಆಗದಂತೆ ತಡೆಯುವ ಮಾತ್ರೆಗಳು, ತಪ್ಪದ ಫಿಸಿಯೋಥೆರಪಿ. ಸಿಟಿಕೋಲಿನ್ ಖರ್ಚಿನಿಂದ ಇವುಗಳಲ್ಲಿ ಒಂದಾದರೂ ತಪ್ಪುವಂತಿದ್ದರೆ, ಅದನ್ನು ನಿಲ್ಲಿಸಬಹುದೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ.