ಪದ ಬೇಕು: ಸೋಕದೇ ಬರುವ ‘ಸೋಂಕಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ ಒಂದು ಆರೋಗ್ಯದ ಕರಪತ್ರ ಬರೆಯುತ್ತಿದ್ದೇನೆ. ‘ಯೋನಿಯ ಯೀಸ್ಟ್ ಸೋಂಕು’ ಅಂತ ತಲೆಬರಹ ಕೊಟ್ಟಿದ್ದೆ. ಕರಡು ಓದಿದ ಒಬ್ಬರು ಅದನ್ನು ಮಡಚಿ ವಾಪಸ್ ಕೊಟ್ಟರು. “ಇದನ್ನ ಮನೆಗೆ ತಗೊಂಡು ಹೋಗಕ್ಕಾಗಲ್ಲ ಮೇಡಂ. ಯಾರಿಂದ ಸೋಕ್ತು ಅಂತ ಕೇಳ್ತಾರೆ” ಅಂದರು.

ಅವತ್ತಿಂದ ಈ ಪದ ನನ್ನನ್ನು ಕಾಡುತ್ತಿದೆ. ಸೋಂಕು ಅಂದರೆ ಮೊದಲ ಅರ್ಥ ಮುಟ್ಟುವುದು, ತಗಲುವುದು. ‘ಗಾಳಿ ಸೋಕಿದೆ’ ಅಂತೀವಲ್ಲ, ಅದೇ ಮಾತು. ಕೇಳಿದವರಿಗೆ ಇನ್ನೊಬ್ಬರಿಂದ ಬಂತು ಅಂತಲೇ ಅನಿಸುತ್ತದೆ. ಆದರೆ ಇಲ್ಲಿ ಹೆಚ್ಚಾಗಿ ಹಾಗಲ್ಲ. ಕ್ಯಾಂಡಿಡಾ ಎಂಬ ಈ ಯೀಸ್ಟ್ (ಬೂಷ್ಟಿನ ಜಾತಿಗೆ ಸೇರಿದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಆರೋಗ್ಯವಾಗಿರುವವರ ಬಾಯಲ್ಲಿ, ಕರುಳಲ್ಲಿ, ಎಷ್ಟೋ ಹೆಂಗಸರ ಯೋನಿಯಲ್ಲೂ ಸುಮ್ನೆ ಇರುತ್ತದೆ. ಆಂಟಿಬಯೋಟಿಕ್ ನುಂಗಿದಾಗ, ಸಕ್ಕರೆ ಕಾಯಿಲೆ ಹಿಡಿತ ತಪ್ಪಿದಾಗ, ಬಸುರಿನಲ್ಲಿ ಅದು ಜಾಸ್ತಿಯಾಗಬಹುದು. ಆಗ ತುರಿಕೆ, ಉರಿ, ಒಡೆದ ಹಾಲಿನಂತೆ ಬಿಳಿ ಹೋಗುವುದು. ಕೂಡುವಾಗ ದಾಟುವುದೂ ಉಂಟು, ಗಂಡಸರಿಗೂ ಶಿಶ್ನದ ತುದಿ ಕೆಂಪಾಗಿ ತುರಿಸಬಹುದು. ಆದರೂ ವೈದ್ಯರು ಇದನ್ನು ಲೈಂಗಿಕ ರೋಗಗಳ ಜೊತೆ ಸೇರಿಸುವುದಿಲ್ಲ.

ಯೀಸ್ಟ್ ಬದಲು ‘ಶಿಲೀಂಧ್ರ’ ಅಂದರೆ ಯಾರಿಗೂ ತಿಳಿಯಲಿಲ್ಲ. ‘ಬೂಷ್ಟು’ ತಿಳಿಯಿತು, ಆದರೆ ಅದು ಗಲೀಜಿನ ಮಾತಾಯಿತು. ಗಲೀಜು ಅಂದರೆ ಸೋಪು ಹಾಕಿ ಉಜ್ಜುತ್ತಾರೆ, ಉರಿ ಇನ್ನೂ ಏರುತ್ತದೆ. ಹಾಗಾಗಿ ಯೀಸ್ಟ್ ಅಂತಲೇ ಬಿಟ್ಟಿದ್ದೇನೆ.

ಇನ್ನೊಂದು ಪದ ‘ಮರುಸೋಂಕು’. ಕೆಲವರಿಗೆ ವರ್ಷಕ್ಕೆ 3 ಸಲ, 4 ಸಲ ಬರುತ್ತದೆ. ಮತ್ತೆ ಹೊರಗಿನಿಂದಲೇ ಬಂತು ಅಂತ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಬಹಳ ಸಲ ಔಷಧಿಗೆ ಅಡಗಿ ಉಳಿದ ಅದೇ ಯೀಸ್ಟ್ ಮತ್ತೆ ಬೆಳೆದಿರುತ್ತದೆ, ಅಷ್ಟೇ. ಗಂಡನಿಗೆ ತುರಿಕೆ ಗಿರಿಕೆ ಏನೂ ಇಲ್ಲದಿದ್ದರೆ ಅವನಿಗೂ ಔಷಧಿ ಕೊಡುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ‘ಜ್ವರ ಮರುಕಳಿಸಿತು’ ಅನ್ನುವ ಒಳ್ಳೆ ಮಾತು ನಮ್ಮಲ್ಲಿದೆ ಅಲ್ವಾ? ಒಳಗೇ ಉಳಿದದ್ದು ಮತ್ತೆ ಎದ್ದರೆ ‘ಮರುಕಳಿಕೆ’, ಹೊಸದಾಗಿ ತಗಲಿದರೆ ಮಾತ್ರ ‘ಮರುಸೋಂಕು’. ಹೀಗೆ ಬೇರೆ ಮಾಡಿದರೆ ಎಷ್ಟೋ ಮನೆಗಳ ಜಗಳ ತಪ್ಪೀತು ಅಂತ ನನಗನಿಸುತ್ತದೆ.

ಮೊದಲ ಸಲ ಬಂದದ್ದಕ್ಕೆ ಏನನ್ನೋಣ? ‘ಹುಣ್ಣು ಕೆರಳಿತು’ ಅಂದ ಹಾಗೆ ‘ಯೀಸ್ಟ್ ಕೆರಳುವುದು’ ಅಂದರೆ ನಿಮ್ಮ ಕಡೆ ಅರ್ಥವಾಗುತ್ತದಾ? ಇಲ್ಲಿ ಬೆಂಗಳೂರಲ್ಲಿ ಎಲ್ಲದಕ್ಕೂ ‘ಬಿಳಿ ಹೋಗೋದು’ ಅಂದುಬಿಡುತ್ತಾರೆ. ಧಾರವಾಡ, ಮಂಗಳೂರು ಕಡೆಯವರು ನಿಮ್ಮ ಅಮ್ಮ, ಅಜ್ಜಿಯರನ್ನು ಕೇಳಿ ತಿಳಿಸಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.